ಹೆದ್ದಾರಿಯ ಪಥ ಯಾರದು?



ಸಿಂಧನೂರಿನಿಂದ ಸಿರುಗುಪ್ಪದ ಮಾರ್ಗವಾಗಿ ಬಳ್ಳಾರಿಗೆ ಹೊರಟವರು ದಢೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟುತ್ತಾರೆ. ಈಚೆಯ ದಡ ರಾಯಚೂರು ಜಿಲ್ಲೆಗೆ, ಆಚೆಯ ದಡ ಬಳ್ಳಾರಿ ಜಿಲ್ಲೆಗೆ ಸೇರಿದ್ದು. ಜೇವರ್ಗಿಯಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾದು ಚಾಮರಾಜನಗರದವರೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿ ಇದು. ಭತ್ತದ ಸುಗ್ಗಿ ಬಂತೆಂದರೆ ಈ ದಾರಿಯ ರೂಪವೇ ಬೇರೆ. ಅಕ್ಕಿ ಗಿರಣಿಗೆ ಹೊರಟ ಲಾರಿಗಳು, ಹುಲ್ಲು ಹೇರಿದ ಟ್ರ್ಯಾಕ್ಟರುಗಳು, ಹೊಲದಿಂದ ಹೊಲಕ್ಕೆ ಸಾಗುವ ಕಟಾವು ಯಂತ್ರಗಳು, ಕಿಕ್ಕಿರಿದ ಸಾರಿಗೆ ಬಸ್ಸುಗಳು, ಕುರಿಮಂದೆಗಳು, ಸಂತೆಯಿಂದ ಮರಳುವ ಬೈಕುಗಳು, ಇವೆಲ್ಲದರ ನಡುವೆ ಹೆರಿಗೆ ನೋವಿನ ತಾಯಿಯನ್ನು ಹೊತ್ತ 108 ವಾಹನ. ಎಲ್ಲರಿಗೂ ಇರುವುದು ಅದೊಂದೇ ರಸ್ತೆ.

ದಟ್ಟಣೆ ಹೆಚ್ಚಿದಾಗಲೆಲ್ಲ ನಮ್ಮ ಬಾಯಿಂದ ಬರುವ ಪರಿಹಾರ ಒಂದೇ: ರಸ್ತೆ ಅಗಲವಾಗಬೇಕು. ಕೆಲವೆಡೆ ಅದು ನಿಜವಾಗಿಯೂ ಅಗತ್ಯ. ಆದರೆ ಸೇತುವೆಯನ್ನು ಒಂದು ದಿನದಲ್ಲಿ ಹಿಗ್ಗಿಸಲಾಗದು. ಅಗಲೀಕರಣಕ್ಕೆ ಹೊಲ ಬೇಕು, ಮರಗಳನ್ನು ಕಡಿಯಬೇಕು, ಕೆಲವೊಮ್ಮೆ ಮನೆಗಳನ್ನೂ ಕೆಡವಬೇಕು. ಅಷ್ಟಾದರೂ ಸಮಸ್ಯೆ ತೀರುವುದೆಂಬ ಭರವಸೆಯಿಲ್ಲ. ನಗರಗಳಲ್ಲಿ ಹೊಸ ವೇಗದ ರಸ್ತೆ ತೆರೆದರೆ, ಅದನ್ನು ಅರಸಿ ಬರುವ ವಾಹನಗಳಿಂದಲೇ ಅದು ದಟ್ಟಣೆಯ ಹೊತ್ತಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲೇ ತೋರಿಸಿಕೊಟ್ಟರು. ಆದ್ದರಿಂದ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕು. ಇರುವ ಪಥಗಳನ್ನು ನಾವು ಹೇಗೆ ಬಳಸುತ್ತಿದ್ದೇವೆ? ಮೇಲ್ನೋಟಕ್ಕೆ ಇದು ಎಂಜಿನಿಯರುಗಳ ಪ್ರಶ್ನೆ. ಆದರೆ ಯಾರು ಮೊದಲು ಹೋಗಬೇಕು, ಯಾರು ಕಾಯಬೇಕು, ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ನೀತಿಯ ಪ್ರಶ್ನೆ.

ರೈಲ್ವೆ ಗೇಟು ಮುಚ್ಚಿದಾಗ ನಡೆಯುವುದನ್ನು ನೆನಪಿಸಿಕೊಳ್ಳಿ. ಮೊದಲು ಬಂದವರು ಎಡಗಡೆ ಸಾಲಾಗಿ ನಿಲ್ಲುತ್ತಾರೆ. ಹಿಂದೆ ಬಂದವನೊಬ್ಬ ಬಲಗಡೆಯ ಖಾಲಿ ಪಥದಲ್ಲಿ ಮುಂದೆ ನುಗ್ಗಿ ಗೇಟಿಗೆ ಅಂಟಿಕೊಂಡು ನಿಲ್ಲುತ್ತಾನೆ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಆಚೆಯ ಬದಿಯಲ್ಲೂ ಇದೇ ಕಥೆ. ರೈಲು ಹೋಗಿ ಗೇಟು ತೆರೆದಾಗ ಎರಡು ಸೈನ್ಯಗಳು ಎದುರುಬದುರು ನಿಂತಂತಾಗಿ ಯಾರೂ ಕದಲಲಾರರು. ಅಲ್ಲಿ ರಸ್ತೆಯ ಕೊರತೆಯಿರಲಿಲ್ಲ. ಎದುರಿನಿಂದ ಬರಬೇಕಾದವನ ಪಥವನ್ನು ತನ್ನದೆಂದು ಭಾವಿಸಿದವನು ತನ್ನ ದಾರಿಯನ್ನೂ ತಾನೇ ಮುಚ್ಚಿಕೊಂಡನು. ಪಥವೆಂಬುದು ಯಾರ ಸ್ವತ್ತೂ ಅಲ್ಲ, ಅದೊಂದು ಸರದಿ. ನಮ್ಮ ಸರದಿ ಮುಗಿದ ಕೂಡಲೇ ಅದು ಮತ್ತೊಬ್ಬರಿಗೆ ಸಲ್ಲಬೇಕು.

ಇದಕ್ಕೆ ಪ್ರತಿಯಾಗಿ ಬೇರೊಂದು ಪದ್ಧತಿಯನ್ನು ನೋಡೋಣ. ಒಂದೇ ದಿಕ್ಕಿನ ಎರಡು ಪಥಗಳು ಮುಂದೆ ಒಂದಾಗುವ ಕಡೆ, ಎರಡನ್ನೂ ಕೊನೆಯವರೆಗೆ ಬಳಸಿ, ಕೂಡುವ ಬಿಂದುವಿನಲ್ಲಿ ಈ ಬದಿಯಿಂದ ಒಂದು, ಆ ಬದಿಯಿಂದ ಒಂದು ಎಂಬಂತೆ ವಾಹನಗಳು ಸೇರಿಕೊಳ್ಳುತ್ತವೆ. ಅಂಗಿಯ ಜಿಪ್ಪಿನ ಹಲ್ಲುಗಳು ಒಂದರೊಳಗೊಂದು ಕೂಡುವಂತೆ. ಜರ್ಮನಿಯ ಸಂಚಾರ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟ ಸ್ಥಾನವಿದೆ. ಇದರಿಂದ ಇಕ್ಕಟ್ಟಾದ ಜಾಗವೇನೂ ಅಗಲವಾಗುವುದಿಲ್ಲ. ಆದರೆ ಸಾಲಿನ ಉದ್ದ ಕುಗ್ಗುತ್ತದೆ, ಹಿಂದಿನ ಅಡ್ಡರಸ್ತೆಗಳು ಕಟ್ಟಿಕೊಳ್ಳುವುದಿಲ್ಲ, ಎರಡೂ ಪಥಗಳ ವೇಗ ಸಮವಾಗುತ್ತದೆ. ಖಾಲಿ ಪಥದಲ್ಲಿ ಕೊನೆಯವರೆಗೆ ಹೋಗುವವನೂ ಗೇಟಿನ ಮುಂದೆ ನುಗ್ಗಿದವನಂತೆಯೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಗೇಟಿನ ಬಳಿ ನುಗ್ಗಿದವನು ಅನ್ಯರ ಪಥವನ್ನು ಕಸಿದುಕೊಂಡನು. ಇಲ್ಲಿ ಎಲ್ಲರೂ ಒಪ್ಪಿದ ನಿಯಮವಿದೆ, ಪ್ರತಿಯೊಬ್ಬನೂ ಒಬ್ಬನಿಗೆ ದಾರಿ ಬಿಟ್ಟೇ ಮುಂದೆ ಸಾಗುತ್ತಾನೆ. ಬಿಟ್ಟುಕೊಟ್ಟವನಿಗೆ ಇಲ್ಲಿ ನಷ್ಟವಿಲ್ಲ.

ಪಥವನ್ನು ಹಂಚುವ ಪ್ರಶ್ನೆ ನಮ್ಮ ನಾಡಿನಲ್ಲಿಯೇ ದೊಡ್ಡದಾಗಿ ಎದ್ದಿರುವುದು ಹುಬ್ಬಳ್ಳಿ-ಧಾರವಾಡಗಳ ನಡುವೆ. ಸುಮಾರು 22 ಕಿಲೋಮೀಟರ್ ಉದ್ದದ ಆ ಮಾರ್ಗದ ನಡುವಿನ ಪಥಗಳನ್ನು ಬಸ್ಸುಗಳಿಗಾಗಿಯೇ ಮೀಸಲಿಟ್ಟು, 2018ರಲ್ಲಿ 'ಚಿಗರಿ' ಬಸ್ಸುಗಳ ಸಂಚಾರವನ್ನು ಆರಂಭಿಸಲಾಯಿತು. 2020ರ ಫೆಬ್ರವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಪಕ್ಕದ ಪಥದಲ್ಲಿ ಸಿಕ್ಕಿಕೊಂಡವರಿಗೆ ನಡುವಿನ ಖಾಲಿ ಪಥವನ್ನು ಕಂಡು ಸಿಟ್ಟು ಬರುವುದು ಸಹಜ. ಆ ಪಥವನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂಬ ಕೂಗು ಅಲ್ಲಿ ಎದ್ದಿದ್ದೂ ಉಂಟು.

ಇಲ್ಲಿ ಒಂದು ಸರಳ ಲೆಕ್ಕವನ್ನು ಮಾಡೋಣ. ಒಂದು ಬಸ್ಸಿನಲ್ಲಿ 60 ಜನರಿದ್ದಾರೆನ್ನಿ. ಅಷ್ಟೇ ಜನ ಕಾರಿಗೆ ಇಬ್ಬರಂತೆ ಹೊರಟರೆ 30 ಕಾರುಗಳು ಬೇಕು. ವಾಹನಗಳನ್ನು ಎಣಿಸಿದರೆ ಬಸ್ಸಿನ ಪಥ ಖಾಲಿಯಾಗಿ ಕಾಣುತ್ತದೆ. ಮನುಷ್ಯರನ್ನು ಎಣಿಸಿದರೆ ಅದು ಖಾಲಿಯಲ್ಲ. ಸೃಷ್ಟಿಯ ಸಂಪತ್ತು ಸಕಲರಿಗಾಗಿ ಇದೆಯೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಕಾರುಗಳಲ್ಲಿ ಒಬ್ಬಿಬ್ಬರೇ ಸಾಗುವುದರಿಂದ ನಗರಗಳಲ್ಲಿ ಉಂಟಾಗುವ ದಟ್ಟಣೆಯನ್ನು ವಿಶ್ವಗುರು ಫ್ರಾನ್ಸಿಸರು ತಮ್ಮ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಪ್ರಸ್ತಾಪಿಸಿ, ಸಾರ್ವಜನಿಕ ಸಾರಿಗೆಗೆ ಆದ್ಯತೆ ಸಲ್ಲಬೇಕೆಂಬ ಮಾತಿಗೆ ದನಿಗೂಡಿಸಿದರು. ಹಾಗೆಂದು ಬಸ್ಸಿಗೆ ಪಥ ಮೀಸಲಿಟ್ಟ ಮಾತ್ರಕ್ಕೆ ನ್ಯಾಯ ಪೂರ್ಣವಾಗುವುದಿಲ್ಲ. ಬಸ್ಸುಗಳು ಹೊತ್ತಿಗೆ ಸರಿಯಾಗಿ, ಸಾಕಷ್ಟು ಸಂಖ್ಯೆಯಲ್ಲಿ ಓಡಬೇಕು. ಪಡೆದ ಪಥವನ್ನು ವ್ಯರ್ಥಗೊಳಿಸುವುದೂ ಒಂದು ಬಗೆಯ ಅನ್ಯಾಯವೇ.

ಎರಡನೆಯ ನಿದರ್ಶನ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಆ ಹೆದ್ದಾರಿಯ ನಡುವಿನ ಆರು ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳ ಸಂಚಾರವನ್ನು ಅದೇ ವರ್ಷದ ಆಗಸ್ಟ್ 1ರಿಂದ ನಿಷೇಧಿಸಲಾಯಿತು. ಅವು ಇಕ್ಕೆಲದ ಸೇವಾ ರಸ್ತೆಗಳಲ್ಲಿ ಸಾಗಬೇಕು. ನಿಧಾನವಾಗಿ ಹೋಗುವುದೂ ಅತಿ ವೇಗವಾಗಿ ಹೋಗುವುದೂ ಒಂದೇ ಪಥದಲ್ಲಿ ಕಲೆತರೆ ಸಾವು ಸಂಭವಿಸುತ್ತದೆಂಬುದು ಅದರ ಹಿಂದಿನ ಕಾರಣ. ಕಾರಣವೇನೋ ಸರಿಯೇ. ಆದರೆ ಸೇವಾ ರಸ್ತೆಗಳು ಕೆಲವೆಡೆ ತುಂಡು ತುಂಡಾಗಿವೆ, ತಾವು ಸುತ್ತಿ ಬಳಸಿ ಹೋಗಬೇಕಾಗಿದೆ ಎಂಬ ಹಳ್ಳಿಗರ ದೂರಿನಲ್ಲೂ ನ್ಯಾಯವಿತ್ತು. ಇಲ್ಲಿಂದ ನಾವು ಕಲಿಯಬೇಕಾದ ಪಾಠವಿದು: ಬಡವನ ಕಾಲಡಿಯ ದಾರಿಯನ್ನು ತೆಗೆಯುವ ಮೊದಲು ಅವನಿಗೊಂದು ದಾರಿಯನ್ನು ಕೊಡಬೇಕು. 2007ರಲ್ಲಿ ವ್ಯಾಟಿಕನ್ನಿನ ಪೀಠವೊಂದು ಹೊರತಂದ ರಸ್ತೆ ಪಾಲನಾಸೇವೆಯ ಮಾರ್ಗದರ್ಶಿಯಲ್ಲಿ ಚಾಲಕರಿಗಾಗಿ ಹತ್ತು ಕಟ್ಟಳೆಗಳಿವೆ. ರಸ್ತೆಯಲ್ಲಿ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡವರನ್ನು ಕಾಪಾಡಬೇಕೆಂಬುದು ಅವುಗಳಲ್ಲೊಂದು.

ಈ ಮಾತು ನಮ್ಮ ಭಾಗಕ್ಕೂ ಅನ್ವಯಿಸುತ್ತದೆ. ಸುಗ್ಗಿಯಲ್ಲಿ ರೈತರು ರಸ್ತೆಯ ಅರ್ಧವನ್ನು ಕಣ ಮಾಡಿಕೊಂಡು ಭತ್ತ ಒಣಗಿಸುವುದನ್ನು ನೀವು ಕಂಡಿದ್ದೀರಿ. ಕತ್ತಲಲ್ಲಿ ಬೈಕಿನವನು ಆ ರಾಶಿಗೆ, ಅದರ ಅಂಚಿಗಿಟ್ಟ ಕಲ್ಲಿಗೆ ತಾಗಿದರೆ ಅವನ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಅದು ಸಲ್ಲದು. ಆದರೆ ಯಂತ್ರದಲ್ಲಿ ಕೊಯ್ದ ಹಸಿ ಭತ್ತವನ್ನು ಹಾಗೆಯೇ ಮಾರಿದರೆ ಬೆಲೆ ಸಿಗದು. ಮನೆಯಂಗಳ ಸಾಲದು, ಹೊಲದಲ್ಲಿ ಕಣವಿಲ್ಲ. ಕಣ ಕೊಡದೆ ರೈತನಿಗೆ ದಂಡ ವಿಧಿಸುವ ಸಮಾಜವೂ ಅವನ ತಪ್ಪಿನಲ್ಲಿ ಪಾಲುದಾರನೇ. ಊರಿಗೊಂದು ಸಾಮೂಹಿಕ ಒಕ್ಕಣೆ ಕಣವಾದರೆ ಹೆದ್ದಾರಿಗೆ ತಾನಾಗಿಯೇ ಒಂದು ಪಥ ಮರಳಿ ಸಿಗುತ್ತದೆ. ಸುಗ್ಗಿಯ ದಿನಗಳಲ್ಲಿ ಧರ್ಮಕೇಂದ್ರದ ಅಥವಾ ಶಾಲೆಯ ಅಂಗಳವನ್ನು ಅದಕ್ಕಾಗಿ ಬಿಟ್ಟುಕೊಡುವುದನ್ನು ನಾವು ಯೋಚಿಸಬಹುದಲ್ಲವೇ?

ಸಂತ ಲೂಕರ ಶುಭಸಂದೇಶದಲ್ಲಿ ಬರುವ ಒಳ್ಳೆಯ ಸಮಾರಿಯದವನ ಸಾಮತಿ ನಡೆಯುವುದು ರಸ್ತೆಯ ಮೇಲೆಯೇ, ಜೆರುಸಲೇಮಿನಿಂದ ಜೆರಿಕೊಗೆ ಇಳಿಯುವ ದಾರಿಯಲ್ಲಿ. ಗಾಯಗೊಂಡು ಬಿದ್ದವನನ್ನು ಕಂಡ ಯಾಜಕನೂ ಲೇವಿಯನೂ ಅವನನ್ನು ಹೊಡೆಯಲಿಲ್ಲ, ದೋಚಲೂ ಇಲ್ಲ. ರಸ್ತೆಯ ಆಚೆ ಬದಿಗೆ ಸರಿದು ಮುಂದೆ ಹೋದರು, ಅಷ್ಟೇ. ತಮ್ಮ ಪಯಣಕ್ಕೆ ಅಡ್ಡಿಯಾಗದಿರಲೆಂದು ಅವರು ಪಥ ಬದಲಿಸಿದರು. ಸಮಾರಿಯದವನಾದರೋ ತನ್ನ ಪಯಣವನ್ನೇ ನಿಲ್ಲಿಸಿದನು. ಯಾಜಕನಾದ ನನ್ನನ್ನು ಈ ಭಾಗ ಪ್ರತಿ ಸಲವೂ ಚುಚ್ಚುತ್ತದೆ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ 10,000 ರೂಪಾಯಿಗಳ ದಂಡವನ್ನು ವಿಧಿಸುತ್ತದೆ. ಕಾನೂನು ಅಷ್ಟನ್ನು ಮಾಡಬಲ್ಲದು. ಆದರೆ ದಂಡದ ಭಯದಿಂದ ಬದಿಗೆ ಸರಿಯುವುದಕ್ಕೂ ಒಳಗಿರುವ ತಾಯಿಯನ್ನು ನೆನೆದು ಬದಿಗೆ ಸರಿಯುವುದಕ್ಕೂ ವ್ಯತ್ಯಾಸವಿದೆ. ಪೊಲೀಸರಿಲ್ಲದ ರಾತ್ರಿಯಲ್ಲೂ ದಾರಿ ತೆರೆದಿರುವುದು ಎರಡನೆಯದರಿಂದ ಮಾತ್ರ.

ಪ್ರಿಯ ತಂದೆತಾಯಿಯರೇ, ಬೈಕಿನಲ್ಲಿ ನಿಮ್ಮ ಮುಂದೆ ಕುಳಿತ ಮಗು ನಿಮ್ಮನ್ನು ನೋಡಿ ಕಲಿಯುತ್ತಿದೆ. ಗೇಟಿನ ಮುಂದೆ ನೀವು ಬಲಕ್ಕೆ ನುಗ್ಗಿದರೆ, ಜಾಣರಿಗೆ ಸರದಿಯಿಲ್ಲವೆಂಬ ಪಾಠವನ್ನು ಅದು ಕಲಿಯುತ್ತದೆ. ಆ ಪಾಠವನ್ನು ಪಡಿತರ ಅಂಗಡಿಗೂ, ಆಸ್ಪತ್ರೆಗೂ, ನಾಳೆ ಒಡಹುಟ್ಟಿದವರ ಆಸ್ತಿಯ ಪಾಲಿಗೂ ಕೊಂಡೊಯ್ಯುತ್ತದೆ. ನೀವು ಎಡಕ್ಕೆ ನಿಂತು ಕಾದರೆ ಎದುರಿಗೆ ಬರುವವನೂ ಮನುಷ್ಯನೆಂಬುದನ್ನು ಕಲಿಯುತ್ತದೆ. ಹೊಸ ಪಥಗಳನ್ನು ಸರ್ಕಾರ ನಿರ್ಮಿಸಲಿ, ನಾವೂ ಅದಕ್ಕಾಗಿ ಒತ್ತಾಯಿಸೋಣ. ಅಲ್ಲಿಯವರೆಗೆ, ದಢೇಸುಗೂರಿನ ಸೇತುವೆಯ ಮೇಲಾಗಲಿ ನಿಮ್ಮೂರಿನ ಓಣಿಯಲ್ಲಾಗಲಿ, ನೆರೆಯವನಿಗೆ ಸಲ್ಲಬೇಕಾದ ಅರ್ಧ ರಸ್ತೆಯನ್ನು ಅವನಿಗೆ ಬಿಡೋಣ.