ತಾಯಿಯ ಕಡೆಯ ಪಟ್ಟ



ಇಂದಿನ ಚಿಂತನೆಗೆ ದೂರದ ಒಂದು ವಿಷಯ ತಂದಿದ್ದೇನೆ. ಸುಮಾರು 1300 ವರ್ಷಗಳ ಹಿಂದೆ, ಈಗಿನ ಸ್ಕಾಟ್ಲೆಂಡಿನ ಉತ್ತರದಲ್ಲಿ ಪಿಕ್ಟರು ಎಂಬ ಜನರ ರಾಜ್ಯವಿತ್ತು. ಯಾರು ರಾಜನಾಗಬೇಕು ಎಂಬ ಅನುಮಾನ ಬಂದಾಗ ಅವರು ಗಂಡಿನ ಕಡೆಯನ್ನು ಬಿಟ್ಟು ರಾಜವಂಶದ ಹೆಣ್ಣಿನ ಕಡೆಯಿಂದ ಆರಿಸುತ್ತಾರೆ ಎಂದು ಇಂಗ್ಲೆಂಡಿನ ಕ್ರೈಸ್ತ ಸನ್ಯಾಸಿ ಬೀಡ್ 731ರಲ್ಲಿ ಬರೆದಿದ್ದಾರೆ. ಇತಿಹಾಸಕಾರರ ನಡುವೆ ಇದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಆದರೂ ಪಿಕ್ಟ್ ರಾಜರ ಪಟ್ಟಿಗಳಲ್ಲಿ 8ನೇ ಶತಮಾನದ ಕೊನೆಯವರೆಗೆ ಅಪ್ಪನ ನಂತರ ಮಗ ಪಟ್ಟಕ್ಕೆ ಬಂದದ್ದು ಕಾಣಸಿಗುವುದೇ ಕಷ್ಟ. 761ರಲ್ಲಿ ತೀರಿಕೊಂಡ ಬಲಶಾಲಿ ಓಂಗಸ್‌ನ ನಂತರವೂ ಬಂದವನು ಅವನ ಸೋದರ.

ಹೆಣ್ಣಿಗೆ ಎಂಥ ಗೌರವ ಎನ್ನಿಸುತ್ತದೆ, ಅಲ್ಲವೇ? ಆದರೆ ಅದೇ ಪಟ್ಟಿಗಳನ್ನು ನೋಡಿ. ಓಂಗಸ್, ಫರ್ಗಸ್‌ನ ಮಗ. ತಲೋರ್ಕನ್, ಈನ್‌ಫ್ರಿತ್‌ನ ಮಗ. ಈ ಈನ್‌ಫ್ರಿತ್ ಪಿಕ್ಟನೇ ಅಲ್ಲ, ನಾರ್ಥಂಬ್ರಿಯದವನು! ಮಗನಿಗೆ ಹಕ್ಕು ಬಂದದ್ದು ತಾಯಿಯಿಂದ ಎನ್ನುತ್ತಾರೆ. ಆ ತಾಯಿಯ ಹೆಸರು ಮಾತ್ರ ಅಲ್ಲಿಲ್ಲ. ಆಳಿದ ರಾಣಿಯೂ ಒಬ್ಬಳಿಲ್ಲ.

ನನ್ನನ್ನು ಕಾಡುವ ಪ್ರಶ್ನೆ ಇದು: ಅಪ್ಪನ ರಕ್ತದ ಬದಲು ಅಮ್ಮನ ರಕ್ತ ಕೇಳಿದರೆ ನ್ಯಾಯವಾಯಿತೇ? ವಸಲ ಸುತ್ತ ನೆನಪಿಸಿಕೊಳ್ಳಿ. ಅಗ್ಗಿಕ ಭಾರದ್ವಾಜ ದೂರದಿಂದಲೇ 'ವಸಲ, ನಿಲ್ಲು' ಎಂದು ತಡೆದಾಗ ಭಗವಾನ್ ಬುದ್ಧರು ತಮ್ಮ ಶಾಕ್ಯ ಕುಲದ ಮಾತೆತ್ತಲಿಲ್ಲ. ತಂದೆಯ ಕಡೆಯದನ್ನೂ ಹೇಳಲಿಲ್ಲ, ತಾಯಿಯ ಕಡೆಯದನ್ನೂ ಹೇಳಲಿಲ್ಲ. ಮನುಷ್ಯನ ನಡತೆಯ ಬಗ್ಗೆ ಮಾತನಾಡಿದರು. ಪಿಕ್ಟರ ನಾಡಿನಲ್ಲೂ ದನ ಕಾಯುವ ತಾಯಂದಿರು ಇದ್ದೇ ಇರುತ್ತಾರೆ. ಅವರ ಮಕ್ಕಳು ಎಷ್ಟೇ ಯೋಗ್ಯರಾದರೂ, ಬೀಡ್ ಹೇಳಿದ ಆ ಆಯ್ಕೆಯಲ್ಲಿ ಅವರ ಸುದ್ದಿಯೇ ಬರುವುದಿಲ್ಲ.