ಸುಳ್ಳು ಹೇಳದ ನಲ್ಲಿ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ ಕಡಕೊಳ ದಾಟಿ ಸ್ವಲ್ಪ ದೂರ ಹೋಗಿದ್ದೆ; ನನ್ನ ಮೋಟಾರು ಸೈಕಲ್ಲು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಕಳೆದ ವರ್ಷದ ಮಾತು. ಭಾನುವಾರ ಬೆಳಗಿನ ಹತ್ತು ಗಂಟೆ. ನಂಜನಗೂಡಿನಲ್ಲಿರುವ ನನ್ನ ಸೋದರತ್ತೆಯನ್ನು ನೋಡಿಕೊಂಡು ಬರೋಣವೆಂದು ಹೊರಟವನು. ಮೀಟರಿನಲ್ಲಿ ಪೆಟ್ರೋಲಿನ ಹಳದಿ ದೀಪ ಉರಿಯುತ್ತಿತ್ತು. ಅದು ಹಿಂದಿನ ದಿನವೇ ಹೊತ್ತಿಕೊಂಡದ್ದು. ನಾನು ನೋಡಿಯೂ ಇದ್ದೆ. ಆದುದರಿಂದ ‘ಗೊತ್ತಿರಲಿಲ್ಲ’ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಗೊತ್ತಿತ್ತು, ನಂಬಲಿಲ್ಲ.

ಗಾಡಿಯನ್ನು ತಳ್ಳಿಕೊಂಡು ಹೋಗುವವನಿಗೆ ಯೋಚನೆಗೆ ಬೇಕಾದಷ್ಟು ಬಿಡುವು. ಪೆಟ್ರೋಲ್ ಬಂಕು ಎಷ್ಟು ದೂರ ಎಂದು ಯಾರನ್ನು ಕೇಳಿದರೂ ‘ಇಲ್ಲೇ ಮುಂದೆ’ ಎನ್ನುತ್ತಾರೆ. (ನಮ್ಮ ಜನರ ‘ಇಲ್ಲೇ’ ಎಂಬುದೂ ಒಂದು ಕೆಟ್ಟ ಮೀಟರೇ ಸರಿ.) ನನ್ನ ತಲೆಯಲ್ಲಿ ಆಗ ಸುತ್ತುತ್ತಿದ್ದುದು ಒಂದು ವ್ಯಾಜ್ಯ. ಈ ದೀಪ ಎಷ್ಟೋ ಸಲ ಸುಳ್ಳು ಹೇಳಿದೆ. ಒಂದು ಸಲ ನಿಜ ಹೇಳಿತು. ಆ ಒಂದು ಸಲ ನಾನು ಕೇಳಲಿಲ್ಲ. ತಪ್ಪು ಯಾರದು?

ನನ್ನ ಮೊದಲ ಗಾಡಿ ಯೆಜ್ಡಿ. ಮೈಸೂರಿನ ಕಾರ್ಖಾನೆಯಲ್ಲೇ ತಯಾರಾದದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನನ್ನ ಗಾಡಿಗೆ ಪೆಟ್ರೋಲಿನ ಮುಳ್ಳೂ ಇರಲಿಲ್ಲ, ದೀಪವೂ ಇರಲಿಲ್ಲ. ಟ್ಯಾಂಕಿನ ಅಡಿಯಲ್ಲಿ ಒಂದು ನಲ್ಲಿ, ಅಷ್ಟೆ. ಆ ನಲ್ಲಿಗೆ ಒಳಗಡೆ ಎರಡು ದಾರಿ. ಒಂದು ದಾರಿಗೆ ತಳದಿಂದ ಮೇಲೆದ್ದು ನಿಂತ ಸಣ್ಣ ಕೊಳವೆ. ಇನ್ನೊಂದರ ಬಾಯಿ ತಳದಲ್ಲಿಯೇ. ದಿನವೂ ಓಡಿಸುವುದು ಕೊಳವೆಯ ದಾರಿಯಲ್ಲಿ. ಪೆಟ್ರೋಲು ಕೊಳವೆಯ ತುದಿಗಿಂತ ಕೆಳಗಿಳಿಯಿತೋ, ಇಂಜಿನು ಉಸಿರುಕಟ್ಟಿದಂತೆ ತಡವರಿಸುತ್ತದೆ. ಎಡಗೈ ತಾನಾಗಿ ಕೆಳಗೆ ಹೋಗಿ ನಲ್ಲಿಯನ್ನು ತಿರುಗಿಸುತ್ತದೆ. ತಳದಲ್ಲಿ ಉಳಿದ ಪೆಟ್ರೋಲು ಹರಿದುಬಂದು ಗಾಡಿ ಮತ್ತೆ ಚೇತರಿಸಿಕೊಳ್ಳುತ್ತದೆ. ‘ರಿಸರ್ವಿಗೆ ಬಂತು’ ಎನ್ನುತ್ತಿದ್ದೆವು. ಹಳೆಯ ಸ್ಕೂಟರುಗಳಲ್ಲೂ ಇದೇ ಏರ್ಪಾಡು.

ಈ ನಲ್ಲಿ ಒಂದು ಸಲವೂ ಸುಳ್ಳು ಹೇಳಿದ್ದನ್ನು ನಾನು ಕಾಣೆ. ಅದಕ್ಕೆ ಮೋಸ ಮಾಡುವವನು ಸವಾರನೇ. ಪೆಟ್ರೋಲು ತುಂಬಿಸಿದ ಮೇಲೆ ನಲ್ಲಿಯನ್ನು ಹಿಂದಕ್ಕೆ ತಿರುಗಿಸಲು ಮರೆತರೆ ಟ್ಯಾಂಕು ತಳದವರೆಗೂ ಸದ್ದಿಲ್ಲದೆ ಖಾಲಿಯಾಗುತ್ತದೆ. ನನಗೂ ಆಗಿದೆ, ಆದರೆ ಆಗ ಬೈದುಕೊಂಡದ್ದು ನನ್ನನ್ನೇ. ನಲ್ಲಿಯ ಮೇಲೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ.

ದೀಪದ ವಿಚಾರ ಹಾಗಲ್ಲ. ಮೋಟಾರು ಸೈಕಲ್ಲಿನ ಟ್ಯಾಂಕು ಚೌಕದ ಡಬ್ಬಿಯಲ್ಲ. ಕುದುರೆಯ ಜೀನಿನಂತೆ ಗಾಡಿಯ ಬೆನ್ನಿನ ಎರಡು ಪಕ್ಕಕ್ಕೂ ಇಳಿಬಿದ್ದಿರುತ್ತದೆ. ಒಳಗೆ ಕಡ್ಡಿಯ ತುದಿಯಲ್ಲಿ ಒಂದು ಬೆಂಡು ತೇಲುತ್ತಿರುತ್ತದೆ. ಅದು ಏರಿಳಿದಂತೆ ಮೀಟರಿನ ಮುಳ್ಳು ಏರಿಳಿಯುತ್ತದೆ. ಚಾಮುಂಡಿ ಬೆಟ್ಟ ಹತ್ತುವಾಗ ಒಂದು ಲೆಕ್ಕ, ಇಳಿಯುವಾಗ ಇನ್ನೊಂದು. ಗಾಡಿಯನ್ನು ಓರೆಯಾಗಿ ನಿಲ್ಲಿಸಿದರೆ ಬಡವ, ನೆಟ್ಟಗೆ ನಿಲ್ಲಿಸಿದರೆ ಸಾಹುಕಾರ. ನನ್ನ ಗಾಡಿಯ ದೀಪ ಮೊದಲ ಸಲ ಹೊತ್ತಿಕೊಂಡಾಗ ಗಾಬರಿಯಾಗಿ ಬಂಕಿಗೆ ಓಡಿದೆ. ಆಮೇಲೆ ಗೊತ್ತಾಯಿತು, ದೀಪ ಹೊತ್ತಿದ ಮೇಲೂ ನಲವತ್ತು ಕಿಲೋಮೀಟರು ಹೋಗಬಹುದೆಂದು. ಇನ್ನೊಮ್ಮೆ ಅರವತ್ತೂ ಹೋಯಿತು. ಕೊನೆಗೆ ದೀಪವನ್ನು ಕಂಡರೆ ‘ಇನ್ನೂ ಇದೆ’ ಎಂಬ ಧೈರ್ಯವೇ ಬರತೊಡಗಿತು!

ಮಾಡಿದವರು ಅದನ್ನು ಬೇಗ ಹೊತ್ತಿಸುವುದಕ್ಕೆ ಕಾರಣವಿಲ್ಲದೆ ಇಲ್ಲ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಬಹುಮಟ್ಟಿಗೆ ಕಾರ್ಬುರೇಟರು ಹೋಯಿತು. ಅದರ ಜೊತೆಗೆ ನಲ್ಲಿಯೂ ಹೋಯಿತು. ಈಗ ಟ್ಯಾಂಕಿನೊಳಗೆ ಒಂದು ಪಂಪು. ಸುತ್ತ ಪೆಟ್ರೋಲು ಇದ್ದರೆ ಅದು ತಂಪಾಗಿರುತ್ತದೆ; ಬರಿದಾಗಿ ಓಡಿದರೆ ಕೆಡುತ್ತದೆ. ಅಂದರೆ ದೀಪ ಬೇಗ ಕೂಗುವುದು ನಮ್ಮ ಹಿತಕ್ಕಾಗಿಯೇ. ನಾವು ಅದನ್ನು ಸುಳ್ಳು ಎಂದುಕೊಂಡೆವು.

ಚಿಕ್ಕಂದಿನಲ್ಲಿ ನಾವೆಲ್ಲ ಓದಿದ ‘ಹುಲಿ ಬಂತು ಹುಲಿ’ ಕಥೆ ಗಾಡಿ ತಳ್ಳುವಾಗ ನೆನಪಿಗೆ ಬಂತು. ಮೇಷ್ಟರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಹುಡುಗನ ತಪ್ಪೇನು? ಊರಿನವರ ತಪ್ಪೇನು ಎಂದು ಯಾವ ಪರೀಕ್ಷೆಯಲ್ಲೂ ಕೇಳಿದ್ದಿಲ್ಲ. ಹುಡುಗ ತಮಾಷೆಗಾಗಿ ಕೂಗಿದನೆಂದು ಕಥೆ ಹೇಳುತ್ತದೆ, ಸರಿ. ಅವನು ಹುಲ್ಲು ಅಲ್ಲಾಡಿದ್ದನ್ನು ಕಂಡು ಕೂಗಿದ್ದರೆ? ಹುಲಿಯನ್ನು ಕಣ್ಣಾರೆ ಕಂಡ ಮೇಲೆಯೇ ಕೂಗಬೇಕೆಂದರೆ ಅಷ್ಟು ಹೊತ್ತಿಗೆ ಒಂದು ಕುರಿ ಹೋಗಿರುತ್ತದೆ. ನನ್ನ ಯೆಜ್ಡಿಯ ನಲ್ಲಿ ಎಂದೂ ಸುಳ್ಳು ಹೇಳಲಿಲ್ಲ, ನಿಜ. ಆದರೆ ಅದು ಬಾಯಿಬಿಡುತ್ತಿದ್ದುದು ಇದ್ದದ್ದು ಮುಗಿದ ಮೇಲೆ. ಅದು ಹೇಳುತ್ತಿದ್ದುದು ಸುದ್ದಿ. ಮುನ್ನೆಚ್ಚರಿಕೆ ಎನ್ನುವುದಾದರೆ ಅದು ಹತ್ತು ಸಲಕ್ಕೆ ಏಳೆಂಟು ಸಲ ಹುಸಿಯಾಗಲೇಬೇಕು. ಹುಸಿಯಾದ ಪ್ರತಿ ಸಲವೂ ಅದನ್ನು ಸುಳ್ಳುಗಾರನ ಲೆಕ್ಕಕ್ಕೆ ಬರೆದುಕೊಂಡವನು ನಾನು.

ತಳ್ಳಿ, ಬೆವತು, ಪೆಟ್ರೋಲು ಹಾಕಿಸಿಕೊಂಡು ಅತ್ತೆಯ ಮನೆ ಮುಟ್ಟುವ ಹೊತ್ತಿಗೆ ಹನ್ನೊಂದೂವರೆ. ಮನೆಗೆ ಬೀಗ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಅತ್ತೆ ಗುರುವಾರವೇ ಫೋನು ಮಾಡಿದ್ದರು. “ಎದೆ ಹಿಡಿದ ಹಾಗಾಗುತ್ತೆ ಮಗು, ಒಂದು ಸಲ ಬಂದು ಹೋಗು.” ಅವರಿಗೆ ಎಪ್ಪತ್ತೆಂಟು ವರ್ಷ, ಒಬ್ಬರೇ ಇರುತ್ತಾರೆ. ಈ ಮಾತನ್ನು ಅವರು ಹೇಳಿದ್ದು ಅದೇ ಮೊದಲಲ್ಲ. ಹಿಂದೆಲ್ಲ ನಾನು ಎದ್ದುಬಿದ್ದು ಓಡಿ ಹೋದರೆ ಅವರು ಹುಳಿಯವಲಕ್ಕಿ ಮಾಡಿಕೊಂಡು ಜಗಲಿಯ ಮೇಲೆ ಕುಳಿತಿರುತ್ತಿದ್ದರು. “ಈಗ ಸರಿಹೋಯ್ತು ಕಣೋ, ತಿನ್ನು” ಎನ್ನುತ್ತಿದ್ದರು. ನಾಲ್ಕೈದು ಸಲ ಹೀಗಾದ ಮೇಲೆ ನಾನೂ ಲೆಕ್ಕ ಕಲಿತೆ: ಅತ್ತೆ ಕರೆದ ಮೇಲೆ ಇನ್ನೂ ಮೂರು ನಾಲ್ಕು ದಿನ ನಡೆಯುತ್ತದೆ! “ಭಾನುವಾರ ಬರ್ತೀನಿ ಅತ್ತೆ” ಎಂದು ಫೋನಿಟ್ಟಿದ್ದೆ.

ಶನಿವಾರ ರಾತ್ರಿ ಪಕ್ಕದ ಮನೆಯವರು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಉಳಿದುಕೊಂಡರು. ಎರಡು ಮೂರು ದಿನ ಮೊದಲೇ ಬಂದಿದ್ದರೆ ಹೃದಯಕ್ಕೆ ಇಷ್ಟು ಪೆಟ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ನನ್ನ ಮುಖ ನೋಡಿ ಹೇಳಲಿಲ್ಲ, ಅದು ಅವರ ದೊಡ್ಡತನ. ಅತ್ತೆ ಕಣ್ಣು ಬಿಟ್ಟು ಕೇಳಿದ್ದು “ತಿಂಡಿ ಆಯ್ತೇನೋ?” ಎಂದು. ಒಂದು ಆಕ್ಷೇಪಣೆಯ ಮಾತಿಲ್ಲ.

ಆಮೇಲೆ ಅವರು ಫೋನು ಮಾಡುವುದನ್ನೇ ಬಿಟ್ಟರು. ನಾನು ಮಾಡಿದರೆ “ಚೆನ್ನಾಗಿದೀನಪ್ಪ, ನಿನ್ನ ಕೆಲಸ ನೋಡಿಕೋ” ಎನ್ನುತ್ತಾರೆ. ಬೆಳಗ್ಗೆ ಕೇಳಿದರೂ ಅದೇ, ರಾತ್ರಿ ಕೇಳಿದರೂ ಅದೇ. ಮುಳ್ಳು ಅರ್ಧಕ್ಕೆ ಸಿಕ್ಕಿಕೊಂಡ ಮೀಟರನ್ನು ಕಂಡವರಿಗೆ ನಾನು ಹೇಳುವುದು ತಿಳಿಯುತ್ತದೆ. ಸುಮ್ಮಸುಮ್ಮನೆ ಹೊತ್ತಿಕೊಳ್ಳುತ್ತಿದ್ದ ದೀಪ ಎಷ್ಟೋ ವಾಸಿ ಎಂದು ಈಗ ಅನ್ನಿಸುತ್ತದೆ. ಆ ದೀಪವನ್ನು ಆರಿಸಿದವನು ನಾನೇ. ಗಾಡಿಯದನ್ನಾದರೆ ರಿಪೇರಿ ಮಾಡಿಸಬಹುದು.

ಮೀಟರು ಕೆಟ್ಟಾಗ ಹಳೆಯ ಸವಾರರು ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ ಅಂದಾಜು ಮಾಡುತ್ತಿದ್ದರು. ನಾನೂ ಈಗ ಪ್ರತಿ ಭಾನುವಾರ, ಕರೆಯದಿದ್ದರೂ, ನಂಜನಗೂಡಿಗೆ ಹೋಗುತ್ತೇನೆ. ಅತ್ತೆ ಒಳಗೆ ಕಾಫಿ ಮಾಡುತ್ತಿರುವಾಗ ಗೂಡಿನಲ್ಲಿರುವ ಮಾತ್ರೆಯ ಡಬ್ಬಿ ತೆಗೆದು ಎಣಿಸುತ್ತೇನೆ. ಹೋದ ವಾರ ಇರಬೇಕಾದ್ದಕ್ಕಿಂತ ಮೂರು ಹೆಚ್ಚಾಗಿದ್ದುವು. ಕೇಳಿದೆ. “ಮರೆತೆ ಕಣೋ” ಎಂದು ಲೋಟವನ್ನು ನನ್ನ ಮುಂದಿಟ್ಟು, ಕಿಟಕಿಯ ಕಡೆಗೆ ತಿರುಗಿಕೊಂಡರು.