ಸಾಲ ತೀರಿತು, ಋಣ ತೀರಿತೇ?

ನಮ್ಮ ಭಾಷೆಯಲ್ಲಿ ಸಾಲ, ಋಣ ಎಂಬ ಎರಡು ಮಾತುಗಳಿವೆ. ಸಾಲಕ್ಕೆ ಪತ್ರವುಂಟು, ಬಡ್ಡಿಯುಂಟು, ವಾಯಿದೆಯುಂಟು. ಕೊನೆಯ ಕಂತು ಕಟ್ಟಿದ ದಿನ ಅದು ಮುಗಿಯಿತು. ಋಣಕ್ಕೆ ಇದಾವುದೂ ಇಲ್ಲ. ಅನ್ನದ ಋಣ, ಮಣ್ಣಿನ ಋಣ, ಹೆತ್ತವರ ಋಣ ಎನ್ನುತ್ತೇವೆ. ಅದಕ್ಕಾಗಿ ಯಾರೂ ನೋಟೀಸು ಕಳಿಸುವುದಿಲ್ಲ. ಆದರೂ ಅದು ಇದೆಯೆಂದು ನಮಗೆ ಗೊತ್ತು. ನಾವು ಬಂದು ನೆಲೆಸಿರುವ ಈ ಬ್ರಿಟನ್ನಿನ ಚರಿತ್ರೆಯ ಒಂದು ಲೆಕ್ಕವನ್ನು ಓದುವಾಗ ಈ ಎರಡು ಮಾತುಗಳ ಅಂತರ ಬಹಳ ಉಪಯೋಗಕ್ಕೆ ಬರುತ್ತದೆ.

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದುಪಡಿಸುವ ಕಾನೂನನ್ನು ಮಾಡಿತು. ಇದನ್ನು ನಮ್ಮ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಓದುತ್ತಾರೆ, ಓದಬೇಕಾದದ್ದೇ. ಆದರೆ ಅದೇ ಕಾನೂನಿನಲ್ಲಿ 2 ಕೋಟಿ ಪೌಂಡುಗಳ ಪರಿಹಾರವೂ ಗೊತ್ತಾಗಿತ್ತು. ಅದು ಆ ಕಾಲದ ಸರಕಾರದ ವಾರ್ಷಿಕ ಖರ್ಚಿನಲ್ಲಿ ಸುಮಾರು ನೂರಕ್ಕೆ ನಲವತ್ತರಷ್ಟು. ಈ ಪರಿಹಾರ ಸಿಕ್ಕಿದ್ದು ಯಾರಿಗೆ? ತಲೆತಲಾಂತರದಿಂದ ಕಬ್ಬಿನ ತೋಟಗಳಲ್ಲಿ ಬೆನ್ನು ಮುರಿಯುವಂತೆ ದುಡಿದ ಸುಮಾರು 8 ಲಕ್ಷ ಮಂದಿಗಲ್ಲ. ಅವರನ್ನು ಆಸ್ತಿಯೆಂದು ಇಟ್ಟುಕೊಂಡಿದ್ದ ಒಡೆಯರಿಗೆ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ, ಒಂದು ಗೇಣು ನೆಲವೂ ಸಿಗಲಿಲ್ಲ. ಮೇಲಾಗಿ, ಕಸುಬು ಕಲಿಯುವ ಶಿಷ್ಯವೃತ್ತಿ ಎಂಬ ಹೆಸರಿನಲ್ಲಿ ಅವರು ಅದೇ ಒಡೆಯರ ಬಳಿ ವಾರಕ್ಕೆ 45 ಗಂಟೆಗಳವರೆಗೆ ಕೂಲಿಯಿಲ್ಲದೆ ಇನ್ನೂ ಕೆಲವು ವರ್ಷ ದುಡಿಯಬೇಕಾಯಿತು. ಹುಟ್ಟಿದಂದಿನಿಂದ ಕಬ್ಬು ಕಡಿಯುತ್ತಿದ್ದವನು ಇನ್ನು ಯಾವ ಕಸುಬು ಕಲಿಯಬೇಕಾಗಿತ್ತೋ! ಆ ಏರ್ಪಾಡು ಮುಗಿದದ್ದು 1838ರ ಆಗಸ್ಟ್ 1ರಂದು.

ಪರಿಹಾರದ ಹಣಕ್ಕಾಗಿ ಸರಕಾರ ದೊಡ್ಡ ಸಾಲವನ್ನೇ ಎತ್ತಿತು. ಆ ಸಾಲ ಮುಂದೆ ಬೇರೆ ಸರಕಾರಿ ಸಾಲಪತ್ರಗಳೊಳಗೆ ಸೇರಿಕೊಂಡು, ಪೂರ್ತಿ ತೀರಿದ್ದು 2015ರಲ್ಲಿ. 2018ರಲ್ಲಿ ಇಲ್ಲಿಯ ಖಜಾನೆ ಇಲಾಖೆ ಇದನ್ನು ಸಂತೋಷದ ಸುದ್ದಿಯೆಂಬಂತೆ ಪ್ರಕಟಿಸಿತು. ಜನರ ಆಕ್ಷೇಪ ಬಂದ ಮೇಲೆ ತೆಗೆದುಹಾಕಿತು. ಅಂದರೆ, 2015ಕ್ಕೆ ಮುಂಚೆ ಈ ದೇಶದಲ್ಲಿ ದುಡಿದು ತೆರಿಗೆ ಕಟ್ಟಿದ ನಮ್ಮ ಸದಸ್ಯರೆಲ್ಲರೂ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವರು, ಅಂಗಡಿ ನಡೆಸಿದವರು, ಕಂಪ್ಯೂಟರ್ ಮುಂದೆ ಕುಳಿತವರು, ಎಲ್ಲರೂ ಸಾಸಿವೆ ಕಾಳಿನಷ್ಟಾದರೂ ಆ ಸಾಲದಲ್ಲಿ ಪಾಲು ಕಟ್ಟಿದ್ದೇವೆ.

ಇಲ್ಲಿ ಪ್ರಶ್ನೆ ಏಳುತ್ತದೆ. ಗುಲಾಮರ ಒಡೆಯರಿಗೆ ಕೊಟ್ಟ ಹಣದ ಸಾಲ 180 ವರ್ಷ ದಾಟಿ, ಸಮುದ್ರದಾಚೆಯಿಂದ ಬಂದ ನಮ್ಮ ತಲೆಯ ಮೇಲೂ ಬರಬಹುದಾದರೆ, ಗುಲಾಮರಿಗೆ ಕೊಡದೇ ಉಳಿಸಿಕೊಂಡ ಕೂಲಿಯ ಋಣ ಮಾತ್ರ ಅವರೊಂದಿಗೇ ಸತ್ತುಹೋಯಿತು ಎನ್ನಬಹುದೇ?

ಉತ್ತರ ಹುಡುಕುವ ಮೊದಲು ಆ ಸಮಾಜಗಳಲ್ಲಿ ಬಡತನ ಮತ್ತು ಸಿರಿತನ ಹೇಗೆ ಹುಟ್ಟುತ್ತಿದ್ದವೆಂಬುದನ್ನು ನೋಡೋಣ. ಬ್ರಾಂಕೊ ಮಿಲಾನೊವಿಚ್, ಪೀಟರ್ ಲಿಂಡರ್ಟ್, ಜೆಫ್ರಿ ವಿಲಿಯಮ್ಸನ್ ಎಂಬ ಅರ್ಥಶಾಸ್ತ್ರಜ್ಞರು ಹಿಂದಿನ ಕಾಲದ ಅಸಮಾನತೆಯನ್ನು ಅಳೆಯಲು ಒಂದು ಸರಳ ವಿಚಾರವನ್ನು ಮುಂದಿಟ್ಟಿದ್ದಾರೆ. ನಮ್ಮ ಕರಾವಳಿಯ ಲೆಕ್ಕದಲ್ಲೇ ಹೇಳುವುದಾದರೆ ಹೀಗೆ: ಒಂದು ಊರಿನಲ್ಲಿ 100 ಮನೆಗಳು, ಜೀವ ಹಿಡಿದುಕೊಳ್ಳಲು ಮನೆಗೆ ವರ್ಷಕ್ಕೆ 10 ಮುಡಿ ಅಕ್ಕಿ ಬೇಕು. ಊರಿನ ಬೆಳೆ 1,100 ಮುಡಿಯಾದರೆ, ಧಣಿ ಎಷ್ಟೇ ಕ್ರೂರಿಯಾದರೂ 100 ಮುಡಿಗಿಂತ ಹೆಚ್ಚು ಕಸಿಯಲಾರ. ಕಸಿದರೆ ದುಡಿಯುವವರೇ ಸತ್ತುಹೋಗುತ್ತಾರೆ. ಬೆಳೆ 3,000 ಮುಡಿಯಾದರೆ 2,000 ಮುಡಿ ಕಸಿಯಬಹುದು. ಆದ್ದರಿಂದ ಊರು ಶ್ರೀಮಂತವಾದಷ್ಟೂ ಅನ್ಯಾಯಕ್ಕೆ ಜಾಗ ಹೆಚ್ಚು. ಆ ಜಾಗವನ್ನು ಎಷ್ಟು ಮಟ್ಟಿಗೆ ತುಂಬುತ್ತಾರೆ ಎಂಬುದು ಬೆಳೆಯ ಕೈಯಲ್ಲಿಲ್ಲ, ಬಲ ಮತ್ತು ಕಾನೂನಿನ ಕೈಯಲ್ಲಿದೆ.

ಗುಲಾಮರ ದ್ವೀಪಗಳಲ್ಲಿ ಆ ಜಾಗವನ್ನು ಹೆಚ್ಚುಕಡಿಮೆ ಕಂಠಪೂರ್ತಿ ತುಂಬಲಾಗಿತ್ತು. ಇಂದು ಹೈಟಿ ಎಂದು ಕರೆಯುವ ಫ್ರೆಂಚರ ಸೇಂಟ್ ಡೊಮಿಂಗ್ 1780ರ ದಶಕದಲ್ಲಿ ಅತ್ಯಂತ ಲಾಭದ ವಸಾಹತು. ಜಗತ್ತು ಕುಡಿಯುತ್ತಿದ್ದ ಕಾಫಿಯಲ್ಲಿ ಸುಮಾರು ಅರ್ಧ ಅಲ್ಲಿಂದ ಬರುತ್ತಿತ್ತು. ಅಲ್ಲಿಯ ಜನರಲ್ಲಿ ನೂರಕ್ಕೆ ತೊಂಬತ್ತು ಮಂದಿ ಗುಲಾಮರು. ಮೇಲಿನ ಹತ್ತು ಮಂದಿಯ ಪಾಲಿಗೆ ವರಮಾನದ ಸುಮಾರು ಎಂಬತ್ತು ಭಾಗ ಹೋಗುತ್ತಿತ್ತೆಂದು ಫ್ರೆಂಚ್ ಅರ್ಥಶಾಸ್ತ್ರಜ್ಞ ತೋಮಾ ಪಿಕೆಟಿ ಅಂದಾಜು ಮಾಡಿದ್ದಾರೆ. ಅಂಥ ನಾಡನ್ನು ಶ್ರೀಮಂತ ನಾಡು ಎಂದು ಕರೆಯುವುದೇ ಒಂದು ವಿಚಿತ್ರ. ಕಣಜ ತುಂಬಿದೆ, ಬೆಳೆದವನ ಹೊಟ್ಟೆ ಖಾಲಿ. ಇದು ಶ್ರೀಮಂತಿಕೆಯಲ್ಲ, ಶ್ರೀಮಂತಿಕೆಯ ಕಳವು.

ಆ ಗುಲಾಮರು 1791ರಲ್ಲಿ ದಂಗೆಯೆದ್ದು, 1804ರಲ್ಲಿ ಸ್ವತಂತ್ರ ರಾಷ್ಟ್ರವನ್ನೇ ಕಟ್ಟಿದರು. 1825ರಲ್ಲಿ ಫ್ರಾನ್ಸು ಯುದ್ಧನೌಕೆಗಳನ್ನು ಕಳಿಸಿ, ಮನ್ನಣೆ ಬೇಕಾದರೆ ಹಿಂದಿನ ಒಡೆಯರ ನಷ್ಟಕ್ಕೆ 15 ಕೋಟಿ ಫ್ರಾಂಕು ಕೊಡಿ ಎಂದಿತು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಲಾಯಿತು. ಅದನ್ನು ಕಟ್ಟಲು ಮಾಡಿದ ಸಾಲಗಳು ತೀರಿದ್ದು 1947ರಲ್ಲಿ, ನಮ್ಮ ದೇಶ ಸ್ವತಂತ್ರವಾದ ವರ್ಷ. ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಿ ಬಿಡಿಸಿಕೊಂಡ ಜನರನ್ನು ಇಂದು ಬಡವರೇಕೆ ಎಂದು ಕೇಳುವವರಿಗೆ ಈ ಒಂದು ಲೆಕ್ಕವನ್ನಾದರೂ ತೋರಿಸಬೇಕು.

ಇದೆಲ್ಲ ಕರಿಯರ ಮತ್ತು ಬಿಳಿಯರ ಕತೆ, ನಡುವೆ ನಾವೇಕೆ ಎನ್ನುವವರಿದ್ದಾರೆ. ಜಾನ್ ಗ್ಲಾಡ್‌ಸ್ಟನ್ ಎಂಬ ಲಿವರ್‌ಪೂಲಿನ ವ್ಯಾಪಾರಿಯ ಕತೆ ಅವರಿಗೆ ಉತ್ತರವಾದೀತು. ಮುಂದೆ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ನರ ತಂದೆ ಈತ. ಸುಮಾರು ಎರಡೂವರೆ ಸಾವಿರ ಗುಲಾಮರಿಗಾಗಿ ಈತನಿಗೆ ದೊರೆತ ಪರಿಹಾರ ಒಂದು ಲಕ್ಷ ಪೌಂಡಿಗೂ ಹೆಚ್ಚು. ಬಿಡುಗಡೆಯಾದವರು ತೋಟ ಬಿಟ್ಟು ಹೋದರೆ ಗತಿಯೇನೆಂದು ಈತ ಕಲ್ಕತ್ತೆಯ ಕಂಪನಿಗೆ ಪತ್ರ ಬರೆದು ಆಳುಗಳನ್ನು ತರಿಸಿದ. 1838ರಲ್ಲಿ ವಿಟ್ಬಿ ಮತ್ತು ಹೆಸ್ಪೆರಸ್ ಎಂಬ ಎರಡು ಹಡಗುಗಳಲ್ಲಿ ಸುಮಾರು 400 ಮಂದಿ ಭಾರತೀಯರು ಬ್ರಿಟಿಷ್ ಗಯಾನಾಕ್ಕೆ ಬಂದಿಳಿದರು. ಕೆಲವರು ಈತನ ತೋಟಗಳಿಗೇ ಹೋದರು. ಮಾರಿಷಸ್ಸಿಗೆ 1834ರಲ್ಲೇ ಇದು ಶುರುವಾಗಿತ್ತು. 1917ರಲ್ಲಿ ಈ ಕರಾರು ಕೂಲಿ ನಿಲ್ಲುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೆ ಕಡಲು ದಾಟಿದ್ದರು. ವಿಮಾನ ಹತ್ತಿ ಬಂದ ನಮಗಿಂತ ಬಹಳ ಮೊದಲು ಹಡಗು ಹತ್ತಿದವರು ಅವರು.

ಹಾಗೆಂದು ನಾವು ಬರೀ ನೊಂದವರ ಸಾಲಿನಲ್ಲಿ ಕುಳಿತುಕೊಂಡರೆ ಅದೂ ಪ್ರಾಮಾಣಿಕತೆಯಲ್ಲ. 1833ರ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಹೊರಗಿಟ್ಟಿತ್ತು. 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕರಾವಳಿಯ ಗದ್ದೆಗಳಲ್ಲಿ ದುಡಿಯುವ ಗುಲಾಮರನ್ನು ಕಂಡು ಬರೆದಿದ್ದಾನೆ. ಒಡೆಯರು ನಮ್ಮವರೇ, ಆಳುಗಳೂ ನಮ್ಮವರೇ. ನಡುವೆ ಜಾತಿಯ ಗೋಡೆ. 1843ರ ಕಾನೂನು ಭಾರತದಲ್ಲಿ ಆಳಿನ ಮೇಲಿನ ಒಡೆತನಕ್ಕೆ ಕೋರ್ಟಿನ ಮಾನ್ಯತೆಯನ್ನು ತೆಗೆಯಿತು, ಆದರೆ ಆಳಿಗೆ ನೆಲ ಕೊಡಲಿಲ್ಲ. ನೆಲವಿಲ್ಲದವನು ಮರುದಿನ ಬೆಳಿಗ್ಗೆ ಅದೇ ಧಣಿಯ ಅಂಗಳಕ್ಕೇ ಬರಬೇಕಾಯಿತು. ಜೀತವನ್ನು ರದ್ದು ಮಾಡಲು 1976ರಲ್ಲಿ ಮತ್ತೊಂದು ಕಾನೂನು ಬೇಕಾದದ್ದು ಇದಕ್ಕೇ.

ಈಗ ಎದುರು ವಾದಗಳನ್ನೂ ಕೇಳೋಣ. ಒಡೆಯರಿಗೆ ಪರಿಹಾರ ಕೊಡದಿದ್ದರೆ ಪಾರ್ಲಿಮೆಂಟು ಒಪ್ಪುತ್ತಲೇ ಇರಲಿಲ್ಲ, ಬಿಡುಗಡೆ ಇನ್ನೂ ಎಷ್ಟು ವರ್ಷ ತಡವಾಗುತ್ತಿತ್ತೋ ಎನ್ನುತ್ತಾರೆ. ಈ ಮಾತಿನಲ್ಲಿ ತಥ್ಯವಿದೆ. ನಮ್ಮ ಕರ್ನಾಟಕದಲ್ಲಿ 1974ರ ಭೂಸುಧಾರಣೆಯಲ್ಲೂ ಉಳುವವನಿಗೆ ಒಡೆತನ ಕೊಡುವಾಗ ಭೂಮಾಲೀಕರಿಗೆ ಪರಿಹಾರವನ್ನು ಗೊತ್ತುಮಾಡಲಾಗಿತ್ತು. ಆದರೆ ಅಲ್ಲಿ ಗೇಣಿದಾರನಿಗೆ ನೆಲವೂ ಸಿಕ್ಕಿತು. ಗೇಣಿ ಚೀಟಿಯಿಲ್ಲದ ಬರೀ ಕೂಲಿಯಾಳಿಗೆ ಹೆಚ್ಚೇನೂ ದಕ್ಕಲಿಲ್ಲ ಎಂಬುದು ಬೇರೆ ನೋವಿನ ಮಾತು. ಬ್ರಿಟನ್ನಿನ ಲೆಕ್ಕದಲ್ಲಿ ಖರ್ಚಿನ ಕಡೆ ಒಡೆಯನ ಹೆಸರೊಂದೇ ಇದೆ. ಕಳ್ಳನ ಕೈಯಿಂದ ಒಡವೆ ಬಿಡಿಸಲು ಹಣ ಕೊಡಬೇಕಾಗಿ ಬರಬಹುದು. ಅಷ್ಟರಿಂದ ಒಡವೆಯ ಯಜಮಾನನ ನಷ್ಟ ತುಂಬಿದಂತಾಗಲಿಲ್ಲ.

ಎರಡನೆಯ ವಾದ: ಅಂದು ಮಾಡಿದವರೂ ಇಲ್ಲ, ಅನುಭವಿಸಿದವರೂ ಇಲ್ಲ, ತಾತ ಮಾಡಿದ್ದಕ್ಕೆ ಮೊಮ್ಮಗ ಹೊಣೆಯೇ? ತಪ್ಪಿಗೆ ಹೊಣೆಯಲ್ಲ, ನಿಜ. ಯಾರನ್ನೂ ಅವರ ತಾತನ ತಪ್ಪಿಗೆ ಶಿಕ್ಷಿಸಬಾರದು. ಆದರೆ ತಪ್ಪು ಬೇರೆ, ಆಸ್ತಿ ಬೇರೆ. ತಾತನ ಮನೆ ಬೇಕು, ಮನೆಯ ಮೇಲಿನ ಅಡಮಾನ ಮಾತ್ರ ಬೇಡ ಎಂದರೆ ಯಾವ ಬ್ಯಾಂಕೂ ಒಪ್ಪುವುದಿಲ್ಲ. ಇನ್ನು ನಮ್ಮ ವಿಷಯ. ನಾವು ಆ ತಾತನ ಮೊಮ್ಮಕ್ಕಳಲ್ಲ, ಈ ಮನೆಗೆ ತಡವಾಗಿ ಬಂದು ಸೇರಿದವರು. ಆದರೆ ಇಲ್ಲಿಯ ಬಂದರು, ರಸ್ತೆ, ವಿಶ್ವವಿದ್ಯಾಲಯ, ಆಸ್ಪತ್ರೆಗಳ ನೆರಳಿನಲ್ಲಿ ಕುಳಿತಿದ್ದೇವೆ. ಆ ಮರಗಳಿಗೆಲ್ಲ ತೋಟದ ಹಣದ ನೀರೇ ಹರಿಯಿತೆಂದು ಹೇಳುವುದು ಅತಿಯಾದೀತು. ಒಂದಿಷ್ಟೂ ಹರಿಯಲಿಲ್ಲವೆಂದರೆ ಸುಳ್ಳಾದೀತು. ನೆರಳು ಪಡೆದವರಿಗೆ ಋಣವೂ ಉಂಟು, ಅದು ರಕ್ತಸಂಬಂಧವನ್ನು ಕೇಳುವುದಿಲ್ಲ.

ಹಾಗಾದರೆ ತೀರಿಸುವುದು ಹೇಗೆ? ಕೆರಿಬಿಯನ್ ರಾಷ್ಟ್ರಗಳ ಒಕ್ಕೂಟ 2014ರಲ್ಲಿ ಹತ್ತು ಅಂಶಗಳ ಬೇಡಿಕೆಯನ್ನು ಮುಂದಿಟ್ಟಿತು. ಪೂರ್ಣ ಕ್ಷಮಾಯಾಚನೆ, ಆರೋಗ್ಯ, ಸಾಕ್ಷರತೆ, ಸಾಲಮನ್ನಾ ಅದರಲ್ಲಿವೆ. 2023ರಲ್ಲಿ ಗ್ಲಾಡ್‌ಸ್ಟನ್ ವಂಶದ ಕೆಲವರು ಗಯಾನಾಕ್ಕೆ ಹೋಗಿ ಕ್ಷಮೆ ಕೇಳಿದರು. ದೊಡ್ಡ ಲೆಕ್ಕವನ್ನು ಸರಕಾರಗಳು ಮಾಡಬೇಕು. ಮತದಾರರಾಗಿ ನಾವು ಕೇಳಬಹುದು. ನಮ್ಮ ಕೈಯಲ್ಲಿರುವುದು ಚಿಕ್ಕದು, ಆದರೆ ಅದನ್ನು ಯಾರೂ ನಮಗಾಗಿ ಮಾಡಲಾರರು. ಊರಿನ ಶಾಲೆಗೆ ಹಣ ಕಳಿಸುವಾಗ ದಾನ ಮಾಡಿದೆವು ಎನ್ನುತ್ತೇವೆ. ಆ ಊರಿನ ಗದ್ದೆಯಲ್ಲಿ ನಾಟಿ ಮಾಡಿ, ತಮ್ಮ ಮಕ್ಕಳನ್ನು ಶಾಲೆಗೆ ಕಳಿಸಲಾರದೆ ಹೋದವರ ಶ್ರಮದಿಂದ ನಮ್ಮಲ್ಲಿ ಹಲವರ ಮನೆಯ ಕಣಜ ತುಂಬಿತ್ತು. ಆ ಕಣಜದ ಬಲದಿಂದಲೇ ಓದು, ಓದಿನಿಂದ ವೀಸಾ. ಆಗ ಅದು ದಾನವಲ್ಲ, ಹಿಂದಿರುಗಿಸುವುದು. ಕಾಯಕದ ಫಲವನ್ನು ಸಮಾಜಕ್ಕೆ ಸಲ್ಲಿಸುವುದನ್ನು ಶರಣರು ದಾಸೋಹ ಎಂದರು. ಅಲ್ಲಿ ಕೊಡುವವನು ಮೇಲಲ್ಲ, ಪಡೆಯುವವನು ಕೀಳಲ್ಲ.

ಸಾಲ ತೀರಿದ ಸುದ್ದಿಯನ್ನು ಖಜಾನೆಯವರು ಹೇಳಿಯಾಯಿತು. ಋಣದ ಲೆಕ್ಕ ಯಾವ ಖಜಾನೆಯಲ್ಲೂ ಇಲ್ಲ. ಅದನ್ನು ನಮ್ಮ ನಮ್ಮ ಮನೆಗಳಲ್ಲಿ, ಮಕ್ಕಳನ್ನು ಕೂರಿಸಿಕೊಂಡು ನಾವೇ ಬರೆದುಕೊಳ್ಳಬೇಕು. ಇದಕ್ಕೆ ಒಪ್ಪದ ಸದಸ್ಯ ಬಂಧುಗಳೂ ಇರಬಹುದು. ಅವರು ತಮ್ಮ ಮಾತನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಲಿ, ಚರ್ಚೆ ಬೆಳೆಯಲಿ.